ಬಿಡುವಿನ ವೇಳೆ: ಕಬ್ಬಾಳಿನ ಮನೆಗೆ ಹಿತ್ತಾಳೆಯ ಕಿಟಕಿ

ಸಾತನೂರನ್ನು ದಾಟಿ ಕಬ್ಬಾಳಿನ ದಾರಿ ಹಿಡಿದವರಿಗೆ ಬೆಟ್ಟವು ಒಮ್ಮೆಲೇ ಎದುರಾಗುತ್ತದೆ. ಆ ಸೀಮೆಯಲ್ಲಿ ಗುಡ್ಡಗಳಿಗೇನೂ ಬರವಿಲ್ಲ. ಆದರೆ ಇದರ ಠೀವಿಯೇ ಬೇರೆ. ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಅಡಿ ಎತ್ತರಕ್ಕೆ ಶಂಕುವಿನಂತೆ ಎದ್ದು ನಿಂತು, ಒಂದೇ ಮಗ್ಗುಲಲ್ಲಿ ಮಾತ್ರ ಮನುಷ್ಯನಿಗೆ ಏರಲು ಎಡೆಗೊಟ್ಟು, ಉಳಿದೆಡೆಯೆಲ್ಲ ಬರಿಯ ಬಂಡೆಯ ಬೆನ್ನನ್ನು ತೋರಿಸಿಕೊಂಡು ಕುಳಿತಿದೆ. ಕಬ್ಬಾಳಮ್ಮನ ದರ್ಶನಕ್ಕೆಂದು ಸಂಸಾರ ಸಮೇತ ಹೋಗಿದ್ದೆವು. ಪೂಜೆ ಮುಗಿದು, ಬುತ್ತಿ ಬಿಚ್ಚಿ, ಮೊಸರನ್ನದ ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ನಮ್ಮ ಅಣ್ಣನ ಮಗ ಬೆಟ್ಟವನ್ನೇ ದಿಟ್ಟಿಸುತ್ತ, “ಚಿಕ್ಕಪ್ಪ, ಇದನ್ನು ಮನೆಗೆ ತೆಗೆದುಕೊಂಡು ಹೋಗೋಣವೆ?” ಎಂದ.

ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಆಟದ ರೈಲು, ಪುಟ್ಟ ಮನೆ, ಪುಟ್ಟ ಮರಗಳ ಹುಚ್ಚು ಅವನಿಗೆ ನನ್ನಿಂದಲೇ ಅಂಟಿದ್ದು. ಆದುದರಿಂದ ಅವನ ಮಾತಿನ ಅರ್ಥ ನನಗೆ ಕೂಡಲೇ ಆಯಿತು. ಆದರೆ ಲೆಕ್ಕ ಹಾಕಿದಾಗ ಎದೆ ಧಸಕ್ಕೆಂದಿತು. ಆಟದ ರೈಲಿನವರು ಬಹುವಾಗಿ ಬಳಸುವ ಪ್ರಮಾಣ 1:87. ಅಂದರೆ ನಿಜವಾದ ಎಂಬತ್ತೇಳು ಅಡಿ ನಮ್ಮ ಮೇಜಿನ ಮೇಲೆ ಒಂದಡಿಯಾಗಬೇಕು. ಊರಿನಿಂದಾಚೆ ಬೆಟ್ಟವು ಸಾವಿರ ಅಡಿ ಎದ್ದಿದೆಯೆಂದು ಇಟ್ಟುಕೊಂಡರೂ ಮಾದರಿಯ ಎತ್ತರ ಹನ್ನೊಂದೂವರೆ ಅಡಿ! ನಮ್ಮ ನಡುಮನೆಯ ತಾರಸಿಯನ್ನು ಒಡೆದು ಕಬ್ಬಾಳದುರ್ಗವನ್ನು ನಿಲ್ಲಿಸಲು ಮನೆಯಾಕೆ ಒಪ್ಪುವ ಸಂಭವವಿರಲಿಲ್ಲ. ಕೊನೆಗೆ ರಾಜಿಯಾಯಿತು: ಬೆಟ್ಟವನ್ನು ಹಿಂಬದಿಯ ರಟ್ಟಿನ ಮೇಲೆ ಬಣ್ಣದಲ್ಲಿ ಬರೆಯುವುದು, ಅದರ ಮುಂದೆ ಹೆಂಚಿನ ಮನೆಗಳ ಒಂದು ಬೀದಿ, ಒಂದು ಜಗಲಿ, ಒರಗಿಸಿಟ್ಟ ಒಂದು ಸೈಕಲ್ಲು. ಅಷ್ಟೆ.

ಗೋಡೆಗೆ ರಟ್ಟು ಸಾಕು, ಹೆಂಚಿಗೆ ಮಡಿಕೆಯ ಕಾಗದ ಸಾಕು. ಜಗಲಿಯ ಕಂಬಗಳಿಗೆ ಚನ್ನಪಟ್ಟಣದ ದಾರಿ ಇದ್ದೇ ಇದೆ. ಹಾಲೆಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ಉಜ್ಜಾಟದ ಕಾವಿನಿಂದಲೇ ಬಣ್ಣ ಹಿಡಿಸುವ ಕೈಗಳು ಆ ಊರಿನಲ್ಲಿ ತಲೆತಲಾಂತರದಿಂದ ಇವೆ. ದುಂಡಾದದ್ದೇನೇ ಇರಲಿ, ಚರಕಿಗೆ ಅದು ಸುಲಭ. ತೊಡಕು ಬಂದದ್ದು ಕಿಟಕಿಯಲ್ಲಿ. ಹಳ್ಳಿಯ ಮನೆಯ ಕಿಟಕಿಯೆಂದರೆ ಗಾಜಲ್ಲ, ಸರಳು. ಮೂರಡಿ ಅಗಲ ನಾಲ್ಕಡಿ ಎತ್ತರದ ಕಿಟಕಿ ನಮ್ಮ ಮಾದರಿಯಲ್ಲಿ ಒಂದು ಹುಣಸೆಬೀಜದಷ್ಟಾಗುತ್ತದೆ. ಅದರೊಳಗೆ ಏಳು ಸರಳು, ಎರಡು ಅಡ್ಡಪಟ್ಟಿ. ನಿಜವಾದ ಸರಳಿನ ದಪ್ಪ ಹನ್ನೆರಡು ಮಿಲಿಮೀಟರು. ಎಂಬತ್ತೇಳರಿಂದ ಭಾಗಿಸಿದರೆ 0.14 ಮಿಲಿಮೀಟರು. ತೆಳುತಂತಿಯನ್ನು ಕತ್ತರಿಸಿ, ಚಿಮುಟದಲ್ಲಿ ಹಿಡಿದು, ಅಂಟು ಹಚ್ಚಿ ಜೋಡಿಸಲು ಎರಡು ಭಾನುವಾರ ಹೆಣಗಿದೆವು. ಒಂದು ಸರಳು ನೆಟ್ಟಗಾದರೆ ಇನ್ನೊಂದು ಓರೆ. ನೆಟ್ಟಗಾದದ್ದು ನನ್ನ ಬೆರಳಿಗೆ ಅಂಟಿಕೊಂಡು ಬಂದಿತು.

ಆಗ ಹುಡುಗ ಹೇಳಿದ ಉಪಾಯವೇ ಫೋಟೋ ಎಚ್ಚಿಂಗ್. ಕತ್ತರಿಯಿಲ್ಲ, ಗರಗಸವಿಲ್ಲ. ತೆಳುವಾದ ಹಿತ್ತಾಳೆಯ ತಗಡಿಗೆ ಬೆಳಕನ್ನು ಅರಿಯುವ ಒಂದು ಪೊರೆಯನ್ನು ಹೊದಿಸಿ, ಬೇಕಾದ ಚಿತ್ರವನ್ನು ಬೆಳಕಿನಿಂದ ಅದರ ಮೇಲೆ ಮೂಡಿಸಿ, ಬೇಡವಾದ ಲೋಹವನ್ನು ದ್ರಾವಣದಲ್ಲಿ ಕರಗಿಸಿಬಿಡುವುದು. ಕಿಟಕಿಯ ಚಿತ್ರ ಬರೆದರೆ ಕಿಟಕಿಯೇ ಕೈಗೆ ಬರುತ್ತದೆ.

ಇದೇನೋ ನಿನ್ನೆ ಮೊನ್ನೆಯ ವಿದ್ಯೆಯೆಂದು ಹುಡುಗನ ಎಣಿಕೆ. ನಾನು ನಕ್ಕೆ. ಹಿಂದೆ ನಮ್ಮ ಹಿರಿಯರು ಓದುತ್ತಿದ್ದ ವಾರಪತ್ರಿಕೆಗಳಲ್ಲಿ ಅಚ್ಚಾದ ಒಂದೊಂದು ಛಾಯಾಚಿತ್ರವೂ ಹೀಗೆಯೇ ಹುಟ್ಟಿದ್ದು. ಅಚ್ಚುಮೊಳೆಗಳ ಆ ಕಾಲದಲ್ಲಿ ಚಿತ್ರ ಬೇಕಾದರೆ ‘ಬ್ಲಾಕು’ ಮಾಡಿಸಬೇಕಾಗಿತ್ತು. ಸತುವಿನ ತಗಡಿನ ಮೇಲೆ ಚಿತ್ರವನ್ನು ಬೆಳಕಿನಿಂದ ಇಳಿಸಿ, ಆಮ್ಲದಲ್ಲಿ ಕೊರೆದು, ಮರದ ತುಂಡಿಗೆ ಹೊಡೆದು, ಮೊಳೆಗಳ ಜೊತೆಯಲ್ಲಿ ಜೋಡಿಸುತ್ತಿದ್ದರು. ಭೂತಗನ್ನಡಿ ಹಿಡಿದು ಹಳೆಯ ಸಂಚಿಕೆಯೊಂದರ ಚಿತ್ರವನ್ನು ನೋಡಿರಿ. ನಟಿಯ ಕೆನ್ನೆಯೂ ಮಂತ್ರಿಯ ಪೇಟವೂ ಚುಕ್ಕೆಚುಕ್ಕೆಯಾಗಿ ಕಾಣುತ್ತವೆ. ಆ ಒಂದೊಂದು ಚುಕ್ಕೆಯೂ ಆಮ್ಲದಿಂದ ಉಳಿದುಕೊಂಡ ಸತುವಿನ ಒಂದು ಮೊನೆ. ಈ ಚುಕ್ಕೆಗಳ ಶಾಸ್ತ್ರದಲ್ಲಿ ಹೆಸರು ಮಾಡಿದವರಲ್ಲಿ ಒಬ್ಬರು ಕಲ್ಕತ್ತೆಯ ಉಪೇಂದ್ರಕಿಶೋರ ರಾಯಚೌಧುರಿ. ಮಕ್ಕಳಿಗಾಗಿ ತಾವು ಬರೆದ ಪುಸ್ತಕದ ಚಿತ್ರಗಳು ಅಚ್ಚಿನಲ್ಲಿ ಕೆಟ್ಟುಹೋದುವೆಂದು ನೊಂದು, ಸ್ವತಃ ಉಪಕರಣ ತರಿಸಿ, 1895ರಲ್ಲಿ ಬ್ಲಾಕಿನ ಕೆಲಸಕ್ಕೆ ಇಳಿದವರು ಅವರು. ಅವರು ಬರೆದ ಲೇಖನಗಳನ್ನು ಲಂಡನ್ನಿನ ಪೆನ್ರೋಸ್ ವಾರ್ಷಿಕವು ಪ್ರಕಟಿಸಿತು. ಚಲಚ್ಚಿತ್ರದ ಸತ್ಯಜಿತ್ ರಾಯ್ ಅವರಿಗೆ ಇವರು ತಾತ.

ಇನ್ನೂ ಹಿಂದಕ್ಕೆ ಹೋದರೆ, ಬೈಕ್ರೊಮೇಟಿನಲ್ಲಿ ಅದ್ದಿದ ಕಾಗದಕ್ಕೆ ಬಿಸಿಲು ತಾಗಿದಾಗ ಬಣ್ಣ ಬದಲಾಗುವುದನ್ನು 1839ರಲ್ಲಿ ಕಂಡವನು ಸ್ಕಾಟ್ಲೆಂಡಿನ ಮಂಗೋ ಪಾಂಟನ್. ಬೈಕ್ರೊಮೇಟು ಬೆರೆಸಿದ ಜೆಲಟಿನ್ನನ್ನು ಲೋಹದ ಮೇಲೆ ಬಳಿದು, ಬೆಳಕಿಗೆ ಹಿಡಿದು, ಕೊರೆಯುವ ಕ್ರಮಕ್ಕೆ 1852ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್. 1858ರ ತನ್ನ ಎರಡನೆಯ ಪೇಟೆಂಟಿನಲ್ಲಿ ಅವನು ಕೊರೆಯಲು ಬಳಸಿದ್ದು ಫೆರಿಕ್ ಕ್ಲೋರೈಡ್. ನೂರಾರುವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, ನಾನು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಬಂದದ್ದೂ ಅದನ್ನೇ. ರೇಡಿಯೋ ಹವ್ಯಾಸಿಗಳು ಸರ್ಕ್ಯೂಟು ಹಲಗೆ ಮಾಡಲು ಕೊಳ್ಳುವ ಸರಕು ಅದು.

ಈ ಸೀಮೆಯ ದುರ್ಗಗಳಿಗೂ ಕೊರೆದ ತಾಮ್ರಕ್ಕೂ ಹಳೆಯ ನಂಟೊಂದುಂಟು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿಯ ಬಳಿಯ ಸಾವನದುರ್ಗವನ್ನು ಹಿಡಿಯಿತಷ್ಟೆ. ಆ ಯುದ್ಧದ ಕಾಲದಲ್ಲಿ ಇಲ್ಲಿದ್ದ ಸರ್ವೆಯ ಅಧಿಕಾರಿ ಕೋಲ್‌ಬ್ರೂಕ್ ಬರೆದ ಮೈಸೂರು ಸೀಮೆಯ ಹನ್ನೆರಡು ನೋಟಗಳು ಕೆಲವೇ ವರ್ಷಗಳಲ್ಲಿ ಲಂಡನ್ನಿನಲ್ಲಿ ಅಚ್ಚಾದುವು. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಆಮ್ಲದಿಂದ ಕಚ್ಚಿಸಿ, ನೆರಳು ಬೆಳಕುಗಳನ್ನು ಬರಿಸುವ ‘ಆಕ್ವಾಟಿಂಟ್’ ಎಂಬ ವಿಧಾನದಿಂದ ಅವು ಸಿದ್ಧವಾದುವು. ಅಲ್ಲಿನವರು ನಮ್ಮ ಬೆಟ್ಟಗಳನ್ನು ಮನೆಯ ಗೋಡೆಗೆ ನೇತುಹಾಕಿಕೊಂಡರು. ನಮ್ಮ ಹುಡುಗ ಕೇಳಿದ್ದೂ ಅದನ್ನೇ ತಾನೆ!

ಸರಿ, ಕೆಲಸಕ್ಕೆ ಬರೋಣ. ತಗಡು 0.1 ಮಿಲಿಮೀಟರು ದಪ್ಪದ ಹಿತ್ತಾಳೆ; ಯಂತ್ರದ ಬಿಡಿಭಾಗ ಮಾರುವವರಲ್ಲಿ ‘ಶಿಮ್’ ಎಂದು ಕೇಳಿದರೆ ದೊರೆಯುತ್ತದೆ. ಮೊದಲು ಅದನ್ನು ತೊಳೆಯಬೇಕು. ಈ ಒಂದು ಹಂತದಲ್ಲಿ ನಮ್ಮ ಮನೆಯ ಹೆಂಗಸರ ಮುಂದೆ ಯಾವ ಪುಸ್ತಕವೂ ನಿಲ್ಲದು. ಹಬ್ಬದ ಹಿಂದಿನ ದಿನ ದೀಪದ ಕಂಬಗಳಿಗೆ ಮಾಡುವಂತೆ ಹುಣಸೆಹಣ್ಣು ಹಚ್ಚಿ ಕಿಲುಬು ತೆಗೆದು, ಪಾತ್ರೆ ಪುಡಿಯಿಂದ ನಯವಾಗಿ ತಿಕ್ಕಿ ತೊಳೆದರೆ ತಗಡು ಹೊನ್ನಿನಂತಾಗುತ್ತದೆ. ತೊಳೆದ ಮೇಲೆ ನೀರು ತಗಡಿನುದ್ದಕ್ಕೂ ಒಂದೇ ಹಾಳೆಯಾಗಿ ನಿಲ್ಲಬೇಕು. ಹನಿಹನಿಯಾಗಿ ಒಡೆದರೆ ಎಣ್ಣೆಯ ಜಿಡ್ಡು ಇನ್ನೂ ಇದೆಯೆಂದೇ ಅರ್ಥ. ಆಮೇಲೆ ಅದನ್ನು ಅಂಚಿನಲ್ಲಿ ಮಾತ್ರ ಹಿಡಿಯತಕ್ಕದ್ದು.

ಪೊರೆಗೆ ಈಗ ಬೈಕ್ರೊಮೇಟಿನ ಗೊಡವೆಯಿಲ್ಲ. ಕ್ರೋಮಿಯಮಿನ ಆ ವಿಷದಿಂದ ನಮ್ಮನ್ನು ಬಿಡಿಸಿದ್ದು ‘ಡ್ರೈ ಫಿಲ್ಮ್’ ಎಂಬ ನೀಲಿಬಣ್ಣದ ತೆಳುಹಾಳೆ. ಅದರ ಎರಡು ಕಡೆಯೂ ಕಾಪಿನ ಪ್ಲಾಸ್ಟಿಕ್ ಪದರ ಇರುತ್ತದೆ. ಒಳಪದರವನ್ನು ಸುಲಿದು ತಗಡಿನ ಎರಡು ಮುಖಕ್ಕೂ ಅಂಟಿಸಿ, ಗುರುತಿನ ಚೀಟಿಗಳಿಗೆ ಪ್ಲಾಸ್ಟಿಕ್ ಹೊದಿಸುವ ಲ್ಯಾಮಿನೇಟರಿನಲ್ಲಿ ಹಾಯಿಸಬೇಕು. ಹದವರಿತು ಬಳಸಿದರೆ ಇಸ್ತ್ರಿಪೆಟ್ಟಿಗೆಯೂ ಆದೀತು. ಕೋಣೆಯಲ್ಲಿ ಹಳದಿ ದೀಪ ಮಾತ್ರ ಉರಿಯುತ್ತಿರಲಿ. ಕಿಟಕಿಯ ಬೆಳಕು ಬಿದ್ದರೆ ಪೊರೆ ಕೆಟ್ಟಂತೆಯೇ.

ಇನ್ನು ಚಿತ್ರ. ಈ ಪೊರೆಯ ಸ್ವಭಾವವೇನೆಂದರೆ, ಬೆಳಕು ಬಿದ್ದ ಕಡೆ ಗಟ್ಟಿಯಾಗಿ ಉಳಿಯುತ್ತದೆ, ಬೀಳದ ಕಡೆ ತೊಳೆದುಹೋಗುತ್ತದೆ. ಆದುದರಿಂದ ಉಳಿಯಬೇಕಾದ ಸರಳುಗಳು ಪಾರದರ್ಶಕವಾಗಿಯೂ, ಕರಗಬೇಕಾದ ಬಯಲು ಕಪ್ಪಾಗಿಯೂ ಇರುವಂತೆ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಬೇಕು. ಒಂದಂಗುಲಕ್ಕೆ 1200 ಚುಕ್ಕೆಗಳ ಲೇಸರ್ ಮುದ್ರಣದಲ್ಲಿ ಒಂದು ಚುಕ್ಕೆ ಸುಮಾರು 0.02 ಮಿಲಿಮೀಟರು; ನಮ್ಮ ಕಿಟಕಿಗೆ ಧಾರಾಳವಾಯಿತು. ಕಪ್ಪು ಸಾಲದಿದ್ದರೆ ಎರಡು ಪ್ರತಿ ತೆಗೆದು ಒಂದರ ಮೇಲೊಂದನ್ನು ಕೂಡಿಸಬೇಕು. ಮುಂಭಾಗಕ್ಕೊಂದು ಹಿಂಭಾಗಕ್ಕೊಂದು ಚಿತ್ರ ಬೇಕಷ್ಟೆ. ಎರಡನ್ನೂ ಮೂಲೆಯ ಗುರುತುಗಳು ಕೂಡುವಂತೆ ಲಕೋಟೆಯ ಹಾಗೆ ಅಂಟಿಸಿ, ತಗಡನ್ನು ನಡುವೆ ತೂರಿಸುವುದು ಸುಲಭೋಪಾಯ.

ಚಿತ್ರದಲ್ಲಿ ಸರಳನ್ನು 0.14 ಎಂದೇ ಬರೆದರೆ ಮೋಸಹೋಗುತ್ತೀರಿ. ದ್ರಾವಣಕ್ಕೆ ಶಿಸ್ತಿಲ್ಲ. ಕೆಳಕ್ಕೆ ಕೊರೆಯುವಾಗಲೇ ಪೊರೆಯ ಅಂಚಿನಡಿ ಮಗ್ಗುಲಿಗೂ ಬಾಯಿ ಹಾಕುತ್ತದೆ. ಅದು ತಿನ್ನುವ ಪಾಲನ್ನು ಮೊದಲೇ ಕೊಟ್ಟು, 0.19 ಎಂದು ಬರೆದರೆ ಕೊನೆಗೆ ನಮ್ಮ ಪಾಲಿನ 0.14 ಉಳಿಯುತ್ತದೆ. ಬಾಡಿಗೆದಾರರಿಗೆ ಮನೆ ಕೊಟ್ಟವರಿಗೆ ಈ ಲೆಕ್ಕಾಚಾರವನ್ನು ವಿವರಿಸಬೇಕಾದ್ದಿಲ್ಲ! ಒಟ್ಟಿನಲ್ಲಿ, ತಗಡಿನ ದಪ್ಪಕ್ಕಿಂತ ತೆಳುವಾದ ಗೆರೆಯನ್ನಾಗಲಿ ಸಂದನ್ನಾಗಲಿ ಬಯಸಬಾರದು. ಸೈಕಲ್ಲಿನ ಆಸೆಯನ್ನು ನಾವು ಬಿಟ್ಟದ್ದು ಇದರಿಂದಲೇ. ಇಪ್ಪತ್ತೆಂಟು ಅಂಗುಲದ ಚಕ್ರ ಎಂಟು ಮಿಲಿಮೀಟರಿಗೆ ಇಳಿಯುವುದೇನೋ ಸರಿ. ಆದರೆ ಎರಡು ಮಿಲಿಮೀಟರಿನ ಕಡ್ಡಿ 0.023 ಆಗಬೇಕು, ಅದು ತಲೆಗೂದಲಿಗಿಂತಲೂ ಸಣ್ಣದು. ಕೈಲಾದಷ್ಟು ತೆಳುವಾಗಿ ಕೊರೆದರೂ ಅದು ನಲ್ಲಿಯ ಕೊಳವೆಗಳಿಂದ ಕಟ್ಟಿದ ಸೈಕಲ್ಲಿನಂತೆ ಕಾಣುತ್ತದೆ. ಅಂಗಡಿಯಲ್ಲಿ ಕೊಂಡ ಪರದೇಶದ ಸೈಕಲ್ಲುಗಳಲ್ಲಿಯೂ ಈ ದೋಷವನ್ನು ಕಂಡಿದ್ದೇನೆ. ಕಡ್ಡಿಗಳ ಸಂಖ್ಯೆಯನ್ನು ಕಡಮೆ ಮಾಡಿ ಕಣ್ಣನ್ನು ವಂಚಿಸಿರುತ್ತಾರೆ. ನಮ್ಮ ಕಿಟಕಿಗೆ ಅಂಥ ವಂಚನೆ ಬೇಕಾಗಲಿಲ್ಲವೆಂಬುದು ನನಗೆ ಈಗಲೂ ಹೆಮ್ಮೆಯ ವಿಷಯ. ಹಳ್ಳಿಯ ಕಮ್ಮಾರನ ಸರಳು, ಮೇಜಿನ ಮೇಲೂ ಅದೇ ಲೆಕ್ಕಕ್ಕೆ ಸರಿಯಾಗಿ ಬಂದಿತು.

ಒಂದು ಸೊಗಸಾದ ಸೂಕ್ಷ್ಮವನ್ನು ಹೇಳದೆ ಮುಂದೆ ಹೋಗಲಾರೆ. ಎರಡು ಮುಖದಲ್ಲಿಯೂ ಕಪ್ಪಿದ್ದ ಕಡೆ ತಗಡು ತೂತಾಗುತ್ತದೆ. ಒಂದೇ ಮುಖದಲ್ಲಿ ಕಪ್ಪಿದ್ದರೆ ಅರ್ಧ ಆಳಕ್ಕೆ ಮಾತ್ರ ಕೊರೆಯುತ್ತದೆ. ಈ ಅರ್ಧಕೊರೆತದ ಗೆರೆಯೇ ಮಡಿಕೆಯ ಗೆರೆ. ಗೆರೆಯು ಒಳಮಗ್ಗುಲಿಗೆ ಬರುವಂತೆ ಹಿಡಿದು ಮಡಿಸಿದರೆ ಚಚ್ಚೌಕದ ಮೂಲೆ ಏಳುತ್ತದೆ. ನಮ್ಮ ಕಿಟಕಿಯ ಚೌಕಟ್ಟು, ಅದರ ಮೇಲಿನ ಪುಟ್ಟ ಮಾಡು, ಎರಡನ್ನೂ ಹೀಗೆ ಒಂದೇ ತಗಡಿನಿಂದ ಮಡಿಸಿದೆವು. ಬಿಡಿಭಾಗಗಳು ದ್ರಾವಣದಲ್ಲಿ ಉದುರಿ ಕಳೆದುಹೋಗದಂತೆ ಅವನ್ನು ಹೊರಚೌಕಟ್ಟಿಗೆ ಸಣ್ಣ ಕೊಂಡಿಗಳಿಂದ ಕಟ್ಟಿಹಾಕಿರಬೇಕು.

ಬೆಳಕಿಗೆ ಹಿಡಿಯುವ ಕಾಲವನ್ನು ಯಾರೂ ಹೇಳಿಕೊಡಲಾರರು. ನಡುಹಗಲಿನ ಬಿಸಿಲಿನಲ್ಲಿ ಸೆಕೆಂಡುಗಳ ಮಾತು. ಮೋಡ ಬಂದರೆ ಲೆಕ್ಕ ತಪ್ಪಿತು. ಒಂದು ತುಂಡು ತಗಡಿನ ಮೇಲೆ ಕಾಗದವನ್ನು ಸರಿಸುತ್ತ ಸರಿಸುತ್ತ, ಹತ್ತು, ಇಪ್ಪತ್ತು, ಮೂವತ್ತು ಸೆಕೆಂಡಿನ ಪಟ್ಟಿಗಳನ್ನು ತೆಗೆದು ನೋಡುವುದೇ ದಾರಿ. ಆಮೇಲೆ ಹೊರಪದರವನ್ನು ಸುಲಿದು, ಒಂದು ಲೀಟರು ನೀರಿಗೆ ಹತ್ತು ಗ್ರಾಮು ಬಟ್ಟೆಸೋಡಾ ಕರಗಿಸಿದ ತಟ್ಟೆಯಲ್ಲಿ ಅಲುಗಿಸಿದರೆ ಬೇಡವಾದ ಪೊರೆ ಕದಡಿ ಹೋಗಿ ಹಿತ್ತಾಳೆ ಮಿನುಗುತ್ತದೆ. ನಾನು ಮೊದಲ ಸಲ ಹೊರಪದರ ಸುಲಿಯುವುದನ್ನೇ ಮರೆತು ಅರ್ಧ ಗಂಟೆ ಅಲುಗಿಸಿದೆ. ಸೋಡಾ ಹಳೆಯದಿರಬೇಕೆಂದು ಅಂಗಡಿಯವನನ್ನು ಬೈದದ್ದೂ ಆಯಿತು.

ಇನ್ನು ಮುಂದಿನದನ್ನು ದಯವಿಟ್ಟು ಅವಸರವಿಲ್ಲದೆ ಓದಬೇಕು. ಫೆರಿಕ್ ಕ್ಲೋರೈಡನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಕೂಡದು. ಅದು ಕರಗುವಾಗ ಕಾಯುತ್ತದೆ, ಕೆಮ್ಮು ಬರಿಸುವ ಹೊಗೆಯೂ ಏಳುತ್ತದೆ. ಗಾಳಿಯಾಡುವ ಜಗಲಿಯಲ್ಲಿ ಮಾಡಿರಿ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕಾಪಿನ ಕನ್ನಡಕ, ಮೈಗೆ ಹಳೆಯ ಅಂಗಿ. ಉಂಗುರ, ಗಡಿಯಾರ ತೆಗೆದಿಡಿ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಿರಬೇಕು. ಅದು ಮತ್ತೆ ಅಡುಗೆಮನೆಗೆ ಹಿಂದಿರುಗಕೂಡದು. ಅಲ್ಯೂಮಿನಿಯಮ್ಮನ್ನಂತೂ ಹತ್ತಿರಕ್ಕೂ ಬಿಡಬಾರದು, ಕುದಿದು ಉಕ್ಕುತ್ತದೆ. ಹನಿ ಬಿದ್ದ ಕಡೆಯೆಲ್ಲ ತುಕ್ಕಿನ ಬಣ್ಣದ ಕಲೆ. ಮಕ್ಕಳು ದೂರ ನಿಂತು ನೋಡಲಿ. ದ್ರಾವಣದ ಪಾತ್ರೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಕೈಗೆ ಬೆಚ್ಚಗೆನ್ನಿಸುವ ನಲವತ್ತು ಡಿಗ್ರಿಯ ಸುಮಾರಿಗೆ ತಂದು, ತಗಡನ್ನು ನೆಟ್ಟಗೆ ತೂಗಹಾಕಿ, ಮೀನಿನ ತೊಟ್ಟಿಯ ಗಾಳಿಯಂತ್ರದಿಂದ ಗುಳ್ಳೆ ಏಳಿಸುತ್ತಿದ್ದರೆ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ನಡುನಡುವೆ ಎತ್ತಿ ಬೆಳಕಿಗೆ ಹಿಡಿದು ನೋಡಬೇಕು. ಮೊದಲು ಒಂದು ಮೂಲೆಯಲ್ಲಿ ಸೂಜಿಯ ಮೊನೆಯಷ್ಟು ಬೆಳಕು. ಮರುನಿಮಿಷದಲ್ಲಿ ಕಿಟಕಿಯೆಲ್ಲ ಬೆಳಕು. ನಮ್ಮ ಮೊದಲ ಕಿಟಕಿ ಬಂದಾಗ ಹುಡುಗ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿಹೋದುದೂ ತಿಳಿಯಲಿಲ್ಲ.

ಉಳಿದ ಪೊರೆಯನ್ನು ಕಾಸ್ಟಿಕ್ ಸೋಡಾದ ತೆಳುದ್ರಾವಣ ತೆಗೆಯುತ್ತದೆ. ಕೈಗೂ ಕಣ್ಣಿಗೂ ಅದೂ ಅಪಾಯಕರವೇ.

ಆ ಸಂಭ್ರಮದಲ್ಲಿ ನಾನು ಒಂದು ಕೆಲಸ ಮಾಡಿದೆ. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಅಂಕಣ ಪ್ರಾಮಾಣಿಕವಾಗುವುದಿಲ್ಲ. ಮೂರು ತಗಡುಗಳಾದ ಮೇಲೆ ದ್ರಾವಣ ಹಸಿರಾಗಿ ಮಂದವಾಯಿತೆಂದು, ಬೇಸರದಿಂದ ಅದನ್ನು ಒಯ್ದು ಅಡುಗೆಮನೆಯ ಸಿಂಕಿಗೆ ಸುರಿದೆ, ನಲ್ಲಿ ತಿರುಗಿಸಿದೆ. ತುಕ್ಕು ಹಿಡಿಯದ ಉಕ್ಕೆಂದು ಕೊಂಡ ಸಿಂಕು ಅದು. ವಾರ ಕಳೆಯುವುದರೊಳಗೆ ತಳದಲ್ಲಿ ಸಿಡುಬಿನ ಕಲೆಯಂಥ ಗುಳಿಗಳು ಕಂಡುವು. ಮನೆಯಾಕೆ ಏನು ಹೇಳಿದಳೆಂಬುದನ್ನು ವಿವಾಹಿತ ವಾಚಕರು ಊಹಿಸಿಕೊಳ್ಳಬಹುದು.

ಆದರೆ ನನ್ನನ್ನು ನಿಜವಾಗಿ ಸುಟ್ಟದ್ದು ಆ ಮಾತಲ್ಲ. ಕನಕಪುರದಿಂದ ನಮ್ಮ ಸೋದರತ್ತೆ ಬಂದಿದ್ದರು. ಎಂಬತ್ತು ದಾಟಿದವರು. ಸಿಂಕನ್ನೂ ನನ್ನನ್ನೂ ಒಮ್ಮೆ ನೋಡಿ, “ಏನಪ್ಪಾ, ಆ ನೀರು ಎಲ್ಲಿಗೆ ಹೋಯಿತು?” ಎಂದು ಕೇಳಿದರು.

“ಮೋರಿಗೆ ಹೋಯಿತು, ಅತ್ತೆ.”

“ಮೋರಿಯಿಂದ ಎಲ್ಲಿಗೆ?”

ನಮ್ಮ ಮನೆ ಹನುಮಂತನಗರದಲ್ಲಿ. ಅಲ್ಲಿಂದ ಕೂಗಳತೆಯ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ವೃಷಭಾವತಿ ಹುಟ್ಟುತ್ತಾಳೆಂದು ನಂಬಿಕೆ. ನಮ್ಮ ಕಡೆಯ ಕೊಳೆನೀರಿಗೆಲ್ಲ ಆಕೆಯ ಕಣಿವೆಯೇ ದಾರಿ. ಕೆಂಗೇರಿಯನ್ನು ಹಾಯ್ದು, ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಇಳಿದು, ಅಲ್ಲಿಂದ ಮುಂದೆ ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ ಆ ನೀರು. ನಡುವೆ ಶುದ್ಧೀಕರಣದ ಘಟಕಗಳಿವೆ, ನಿಜ. ಆದರೆ ಅಲ್ಲಿ ಕೊಳೆಯನ್ನು ತಿನ್ನುವುದು ಸೂಕ್ಷ್ಮಜೀವಿಗಳು. ಕರಗಿದ ತಾಮ್ರವನ್ನು ಅವು ತಿಂದು ಮುಗಿಸಲಾರವು. ಹೆಚ್ಚಾದರೆ ಅವೇ ಸಾಯುತ್ತವೆ. ತಾಮ್ರ ಒಂದಷ್ಟು ಕೆಸರಿನಲ್ಲಿ ಕೂರುತ್ತದೆ, ಒಂದಷ್ಟು ಮುಂದೆ ಹರಿಯುತ್ತದೆ. ಮೀನಿಗಂತೂ ಅತ್ಯಲ್ಪ ಪ್ರಮಾಣವೇ ವಿಷ. ಬೈರಮಂಗಲದ ಕೆಳಗೆ ಆ ನೀರಿನಿಂದಲೇ ದನದ ಮೇವು ಬೆಳೆಯುತ್ತಾರೆ. ಅತ್ತೆ ಹುಡುಗಿಯಾಗಿದ್ದಾಗ ಅರ್ಕಾವತಿಯ ಮರಳಿನಲ್ಲಿ ಒರತೆ ತೋಡಿ, ಬಟ್ಟೆಯಲ್ಲಿ ಸೋಸಿ, ಕುಡಿಯುವ ನೀರನ್ನು ಮನೆಗೆ ಹೊತ್ತು ತರುತ್ತಿದ್ದರಂತೆ. ನಾನು ಸುರಿದದ್ದು ಎರಡು ಲೋಟದಷ್ಟು ಮಾತ್ರವೆಂದು ಹೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಕಾರ್ಖಾನೆಯವರೂ ಹೀಗೆಯೇ ತಾನೆ ಹೇಳುವುದು?

ಕಬ್ಬಾಳದುರ್ಗದ ಕಥೆ ಅತ್ತೆಗೆ ಬಾಯಿಪಾಠ. ಆ ಬೆಟ್ಟ ಹಿಂದೆ ಸೆರೆಮನೆಯಾಗಿತ್ತು. ಮೈಸೂರಿನ ಅರಸರಾದ ಏಳನೆಯ ಚಾಮರಾಜ ಒಡೆಯರನ್ನು 1734ರಲ್ಲಿ ದಳವಾಯಿಗಳ ಕಡೆಯವರು ಪಟ್ಟದಿಂದ ಇಳಿಸಿ, ರಾಣಿಯ ಸಮೇತ ಅಲ್ಲಿಗೆ ಕಳುಹಿಸಿದರು. ಅರಸರು ಅಲ್ಲಿಯೇ ತೀರಿಕೊಂಡರು. ಬೆಟ್ಟದ ಹವೆಯೂ ನೀರೂ ಕೆಟ್ಟದ್ದು, ಸೆರೆಯವರನ್ನು ಕೊಲ್ಲಲು ಬೇರೆ ಆಯುಧ ಬೇಕಾಗಿರಲಿಲ್ಲವೆಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. “ಅದು ಆ ಕಾಲದ ಮಾತು, ಬೆಟ್ಟದ ನೀರಿನ ಮಾತು” ಎಂದರು ಅತ್ತೆ. “ನಮ್ಮ ಹೊಳೆಯ ನೀರು ಚೆನ್ನಾಗಿಯೇ ಇತ್ತಪ್ಪ.”

ಮರುದಿನದಿಂದ ನಾನೂ ಹುಡುಗನೂ ಕೊರೆಯುವುದನ್ನು ನಿಲ್ಲಿಸಿ, ಕೊರೆದು ಉಳಿದದ್ದನ್ನು ಏನು ಮಾಡಬೇಕೆಂಬುದನ್ನು ಕಲಿತೆವು. ಮೊದಲು ತಿಳಿದದ್ದು ನಮ್ಮ ದಡ್ಡತನ. ಹತ್ತು ಸೆಂಟಿಮೀಟರು ಚೌಕದ, 0.1 ಮಿಲಿಮೀಟರು ದಪ್ಪದ ಹಿತ್ತಾಳೆ ತಗಡು ತೂಗುವುದು ಎಂಟೂವರೆ ಗ್ರಾಮು. ಅರ್ಧ ಕರಗಿತೆಂದರೂ ದ್ರಾವಣಕ್ಕೆ ಹೋದದ್ದು ನಾಲ್ಕು ಗ್ರಾಮಿನ ಸುಮಾರು. ಒಂದು ಲೀಟರು ಗಟ್ಟಿ ದ್ರಾವಣ ಇಂಥ ಹತ್ತು ಹನ್ನೆರಡು ತಗಡುಗಳನ್ನು ಆರಾಮವಾಗಿ ತಾಳುತ್ತದೆ. ಕೊನೆಕೊನೆಗೆ ನಿಧಾನವಾಗುತ್ತದೆ, ಅಷ್ಟೆ. ಬಿಗಿಮುಚ್ಚಳದ ಪ್ಲಾಸ್ಟಿಕ್ ಸೀಸೆಯಲ್ಲಿ, ದೊಡ್ಡ ಅಕ್ಷರದ ಚೀಟಿ ಅಂಟಿಸಿ, ಬೀಗ ಹಾಕಿದ ಗೂಡಿನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ತಂಪು ಪಾನೀಯದ ಸೀಸೆ ಮಾತ್ರ ಬೇಡ. ಮಕ್ಕಳ ಕೈ ಅಲ್ಲಿಗೇ ಹೋಗುತ್ತದೆ.

ನಿಜವಾಗಿಯೂ ಸೊರಗಿದ ಮೇಲೆ ಅದರಲ್ಲಿ ಕಬ್ಬಿಣದ ಮೊಳೆ, ಪಾತ್ರೆ ತಿಕ್ಕುವ ಉಕ್ಕಿನ ನಾರು ಹಾಕಬೇಕು. ಕಬ್ಬಿಣ ಕರಗಿ, ತಾಮ್ರವನ್ನು ಹೊರಕ್ಕೆ ತಳ್ಳುತ್ತದೆ. ಒಂದೆರಡು ದಿನದಲ್ಲಿ ಮೊಳೆಗಳ ಮೇಲೆ ಕೆಂಪು ಪುಡಿ ಕಟ್ಟಿ, ತಳದಲ್ಲಿಯೂ ಕೂರುತ್ತದೆ. ಸೋಸಿ ತೆಗೆದರೆ ಅಪ್ಪಟ ತಾಮ್ರವೇ! ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿಯದು. ಆಮೇಲೆ ಉಳಿದ ನೀರಿಗೆ ಬಟ್ಟೆಸೋಡಾವನ್ನು ಚಮಚೆ ಚಮಚೆಯಾಗಿ ಹಾಕುತ್ತ ಬರಬೇಕು. ನೊರೆ ಉಕ್ಕುತ್ತದೆ, ಆದುದರಿಂದ ಅಗಲವಾದ ತೊಟ್ಟಿ ಬೇಕು. ನೊರೆ ನಿಂತಾಗ ಉಳಿದ ತಾಮ್ರ, ಸತು, ಕಬ್ಬಿಣಗಳೆಲ್ಲ ಕೆಸರಾಗಿ ತಳಕ್ಕೆ ಇಳಿಯುತ್ತವೆ. ತೊಟ್ಟಿಯನ್ನು ಹಾಗೆಯೇ ಮಹಡಿಯ ಬಿಸಿಲಿನಲ್ಲಿ, ಮಳೆ ಬೀಳದಂತೆ, ಕಾಗೆ ಬೆಕ್ಕುಗಳು ಬಾಯಿ ಹಾಕದಂತೆ ಜಾಲರಿ ಹೊದಿಸಿ ಇಟ್ಟರೆ ನೀರು ಆರಿ, ಮಣ್ಣಿನ ಬಿಲ್ಲೆಯಂಥದು ಉಳಿಯುತ್ತದೆ. ಅದನ್ನು ಗಿಡದ ಬುಡಕ್ಕೂ ಹಾಕಬಾರದು, ಅಡುಗೆಯ ಕಸಕ್ಕೂ ಸೇರಿಸಬಾರದು. ಗಟ್ಟಿಚೀಲದಲ್ಲಿ ಕಟ್ಟಿ, ಮೇಲೆ ಬರೆದು, ಹಳೆಯ ಬ್ಯಾಟರಿ, ಬಣ್ಣದ ಡಬ್ಬಗಳಂಥ ಅಪಾಯದ ಮನೆಗಸದ ಜೊತೆಯಲ್ಲಿ ಬೇರೆಯಾಗಿಯೇ ಒಪ್ಪಿಸಬೇಕು. ಕಸದ ಗಾಡಿಯ ಹೆಂಗಸಿಗೆ ಅದೇನೆಂದು ಬಾಯಿಬಿಟ್ಟು ಹೇಳಿರಿ. ಬರಿಗೈಯಲ್ಲಿ ಅದನ್ನು ಮುಟ್ಟಬೇಕಾದವಳು ಆಕೆ.

ಇಷ್ಟೆಲ್ಲ ತಾಪತ್ರಯ ಬೇಡವೆನ್ನುವವರು ಚಿತ್ರವನ್ನು ಮಾತ್ರ ಬರೆದು, ಕೊರೆಯುವುದನ್ನು ಇದೇ ಕಸುಬಿನ ಕಾರ್ಖಾನೆಗಳಿಗೆ ಬಿಡಬಹುದು. ಖರ್ಚು ಹೆಚ್ಚು. ಮಹಡಿಯ ಮೇಲೆ ತೊಟ್ಟಿ ಕಾಯುವಷ್ಟು ವ್ಯವಧಾನ ಇಲ್ಲದವರಿಗೆ ಅದೇ ಮೇಲೆಂದು ನನ್ನ ಮತ. ಮೋರಿಗೆ ಸುರಿಯುವವರಿಗಂತೂ ರಟ್ಟಿನ ಕಿಟಕಿಯೇ ಸಾಕು.

ನಮ್ಮ ಬೀದಿ ಈಗ ಮುಕ್ಕಾಲುಪಾಲು ಸಿದ್ಧವಾಗಿದೆ. ಹಿಂದೆ ಬಣ್ಣದ ಬೆಟ್ಟ, ಮುಂದೆ ನಾಲ್ಕು ಮನೆ, ಹನ್ನೊಂದು ಹಿತ್ತಾಳೆಯ ಕಿಟಕಿ. ಹೋದ ತಿಂಗಳು ಅತ್ತೆ ಮತ್ತೆ ಬಂದಿದ್ದಾಗ ಕನ್ನಡಕವನ್ನು ಹಣೆಗೆ ಏರಿಸಿ, ಮೂಗು ಸರಳಿಗೆ ತಾಗುವಷ್ಟು ಬಗ್ಗಿ ನೋಡಿದರು. ಸರಳುಗಳನ್ನು ಮನಸ್ಸಿನಲ್ಲಿಯೇ ಎಣಿಸಿದರೆಂದು ತೋರುತ್ತದೆ. “ಏಳು ಸರಿಯಾಗಿದೆ. ಆದರೆ ಬಾವಿ ಎಲ್ಲಿ?” ಎಂದರು.

ಬಾವಿಯ ರಾಟೆಗೆ ಹಿತ್ತಾಳೆಯಲ್ಲಿ ಚಿತ್ರ ಬರೆದಾಗಿದೆ. ಹುಡುಗ ಆತುರಪಡುತ್ತಿದ್ದಾನೆ. ಮಹಡಿಯ ತೊಟ್ಟಿಯಲ್ಲಿ ಇನ್ನೂ ಎರಡಂಗುಲ ನೀರಿದೆ. ಅದು ಆರುವವರೆಗೆ ಹೊಸ ತಗಡು ಇಳಿಸುವುದಿಲ್ಲವೆಂದು ಹೇಳಿದ್ದೇನೆ.